ಜೈದಾನ್ ಕುಡಿಯದ ಹಾಲು

ನಮ್ಮ ದೊರೆ ಮುತ್ಲಕ್ ಅವರಿಗೆ ಮೂವರು ಹೆಂಡಿರು, ಹನ್ನೊಂದು ಮಕ್ಕಳು, ಒಂದು ಕಪ್ಪು ಕಾರು. ಇಷ್ಟರಲ್ಲಿ ಅವರ ಮಾತು ಕೇಳುತ್ತಿದ್ದುದು ಕಾರು ಒಂದೇ. ಅದೂ ನನ್ನ ಮಗ ನಾಫಿ ಓಡಿಸಿದರೆ ಮಾತ್ರ. ಹನ್ನೊಂದು ಮಕ್ಕಳಲ್ಲಿ ಏಳಕ್ಕೆ ಎದೆಹಾಲು ಕುಡಿಸಿದವಳು ನಾನು, ಹೈಲಾ. ಸಿದ್ರಾದ ಅರಮನೆಯಲ್ಲಿ ದೊಡ್ಡವರೆಲ್ಲ ನನ್ನನ್ನು ನಾಫಿಯ ತಾಯಿ ಎಂದು ಉಮ್ ನಾಫಿ ಎನ್ನುತ್ತಾರೆ. ದೊರೆಯ ಮಕ್ಕಳು ಮಾತ್ರ ಬರೀ ಅಮ್ಮ ಎನ್ನುತ್ತಾರೆ. ಹೆತ್ತವರಿಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಅವರೇ ಕುಡಿಸಬೇಕಿತ್ತು.

ನಮ್ಮಲ್ಲಿ ಹಾಲೆಂದರೆ ಹುಡುಗಾಟವಲ್ಲ. ಎರಡು ವರ್ಷ ತುಂಬುವ ಮೊದಲು ಒಬ್ಬಳ ಎದೆಯಲ್ಲಿ ಐದು ಸಲ ಹೊಟ್ಟೆ ತುಂಬ ಕುಡಿದ ಕೂಸು ಅವಳ ಮಗುವೇ ಆಯಿತು. ಅವಳ ಹಾಲು ಕುಡಿದ ಬೇರೆ ಮಕ್ಕಳೆಲ್ಲ ಅದಕ್ಕೆ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರ ನಡುವೆ ಮದುವೆ ಎಂದರೆ ಒಡಹುಟ್ಟಿದವರ ಮದುವೆಯಷ್ಟೇ ಹರಾಮು. ಆದರೆ ಯಾರು ಯಾರ ಹಾಲು ಕುಡಿದರು ಎಂಬುದನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ. ನಮ್ಮ ಗಂಡಸರು ತಮ್ಮ ಕುದುರೆಯ ಹತ್ತು ತಲೆಮಾರಿನ ಹೆಸರನ್ನು ಉಸಿರು ಬಿಡದೆ ಹೇಳುತ್ತಾರೆ. ಮಗಳಿಗೆ ಹಾಲು ಕುಡಿಸಿದವಳು ಯಾರೆಂದು ಕೇಳಿದರೆ ಗಡ್ಡ ಕೆರೆದುಕೊಳ್ಳುತ್ತಾರೆ. ಅದೆಲ್ಲ ನಮ್ಮಂಥ ಮುದುಕಿಯರ ತಲೆಯಲ್ಲಿರುತ್ತದೆ. ಅದಕ್ಕೇ ನಿಕಾಹ್ ಓದುವ ಮುಂಚೆ ಖಾಜಿ ಪರದೆಯ ಕಡೆ ತಿರುಗಿ, "ಇವರಿಬ್ಬರ ಮಧ್ಯೆ ಹಾಲಿನ ಸಂಬಂಧ ಇದೆಯೇ?" ಎಂದು ದಾದಿಯನ್ನು ಕೇಳುವುದು. ದಾದಿ ಇಲ್ಲ ಎನ್ನುತ್ತಾಳೆ, ಎಲ್ಲರೂ ಕಾಫಿ ಕುಡಿಯುತ್ತಾರೆ. ಮೂವತ್ತು ವರ್ಷದಲ್ಲಿ ನಾನು ಅದನ್ನು ಎಷ್ಟೋ ಸಲ ಹೇಳಿದ್ದೇನೆ, ಆಕಳಿಸುತ್ತಲೇ.

ಆಕಳಿಕೆ ಬಿಡಿಸಿದವನು ಜೈದಾನ್.

ಜೈದಾನ್ ಎಂದರೆ ದೊರೆಯ ತೀರಿಹೋದ ಅಣ್ಣನ ಮಗ. ಎತ್ತರದ ಆಳು, ದೊಡ್ಡ ಮೀಸೆ, ಎಡಗೈ ಮೇಲೆ ಯಾವಾಗಲೂ ಒಂದು ಬೇಟೆಯ ಡೇಗೆ ಹಕ್ಕಿ. ಮನೆಯಲ್ಲಿ ಇಬ್ಬರು ಹೆಂಡಿರು. ಕೊಚ್ಚಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಸಿದ್ರಾದಲ್ಲಿಲ್ಲ. ಅವನ ಡೇಗೆ ಹೊಡೆದ ಹಕ್ಕಿ ಮೊದಲ ದಿನ ಹಕ್ಕಿಯಾಗಿರುತ್ತಿತ್ತು, ವಾರ ಕಳೆಯುವಷ್ಟರಲ್ಲಿ ಜಿಂಕೆಯಾಗುತ್ತಿತ್ತು. ವಯಸ್ಸು ಕೇಳಿದರೆ, "ನಾನೂ ದುಹೈಮ್‌ನೂ ಒಂದೇ ವರ್ಷದವರು, ಮಿಡತೆ ಬಂದ ವರ್ಷ ಹುಟ್ಟಿದೋರು," ಎನ್ನುತ್ತಿದ್ದ. ದುಹೈಮ್ ನಮ್ಮ ಪಟ್ಟದ ರಾಜಕುಮಾರ, ನನ್ನ ಹಾಲು ಕುಡಿದವನು, ಮೂವತ್ತಮೂರು ವರ್ಷದವನು. ಜೈದಾನ್‌ನ ಮೀಸೆಗೆ ಹಚ್ಚುವ ಬಣ್ಣ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದೆ.

ಅವನ ಇನ್ನೊಂದು ಬಡಾಯಿ ಇದಕ್ಕಿಂತ ದೊಡ್ಡದು. ದಿವಾನಖಾನೆಯಲ್ಲಿ ಹತ್ತು ಜನ ಕೂತಿದ್ದರೆ ಸಾಕು, ಶುರುಮಾಡುತ್ತಿದ್ದ: "ನಾನು ಬರೀ ಅಣ್ಣನ ಮಗ ಅಲ್ಲ. ನಾನೂ ದುಹೈಮ್‌ನೂ ಒಂದೇ ಎದೆಯ ಹಾಲು ಕುಡಿದೋರು. ಉಮ್ ನಾಫಿ ನಂಗೂ ತಾಯಿ." ಹೀಗೆಂದರೆ ಪಟ್ಟದ ರಾಜಕುಮಾರನ ಪಕ್ಕದ ದಿಂಬು ಅವನಿಗೆ ಸಿಗುತ್ತಿತ್ತು. ನಾಫಿ ಅದನ್ನು ಕೇಳಿಬಂದು ನನಗೆ ಹೇಳಿ ನಗುತ್ತಿದ್ದ. ಅದು ಅಪ್ಪಟ ಸುಳ್ಳು. ಆದರೆ ಅದರಿಂದ ಯಾರಿಗೂ ನಷ್ಟವಿರಲಿಲ್ಲ, ನನಗೆ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು. ಹಾಗಾಗಿ ಅದಕ್ಕೂ ನಾನು ಸುಮ್ಮನಿದ್ದೆ.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಜೈದಾನ್ ಚಿಕ್ಕಪ್ಪನ ಎದುರು ಕೂತು, ತರ್ಫಾಳನ್ನು ತನಗೆ ಕೊಡಿ ಎಂದು ಕೇಳಿದ. ತರ್ಫಾ ದೊರೆಯ ನಡುವಿನ ಹೆಂಡತಿಯ ಮಗಳು, ಹತ್ತೊಂಬತ್ತು ವರ್ಷದವಳು. ನಾನು ಕುಡಿಸಿದ ಏಳರಲ್ಲಿ ಕೊನೆಯವಳು, ನನ್ನನ್ನು ಎಲ್ಲರಿಗಿಂತ ಹೆಚ್ಚು ಕಚ್ಚಿದವಳು. ನಮ್ಮಲ್ಲಿ ಚಿಕ್ಕಪ್ಪನ ಮಗಳ ಮೇಲೆ ಮೊದಲ ಹಕ್ಕು ದೊಡ್ಡಪ್ಪನ ಮಗನದು. ಹುಡುಗಿ ಒಲ್ಲೆ ಎಂದರೆ ಬೇರೆ ಯಾರೂ ಅವಳನ್ನು ಮದುವೆಯಾಗದ ಹಾಗೆ ಅಡ್ಡ ನಿಲ್ಲುವ ಹಕ್ಕೂ ಅವನದೇ. ಅಂಥವನನ್ನು ದಾಟಿ ಮಗಳನ್ನು ಕೊಟ್ಟರೆ ಕತ್ತಿಗಳು ಹೊರಬರುತ್ತವೆ. ದೊರೆ ಹೂಂ ಎಂದುಬಿಟ್ಟರು. ಹತ್ತು ದಿನ ಬಿಟ್ಟು ನಿಕಾಹ್ ಎಂದು ಗೊತ್ತಾಯಿತು.

ಮಾರನೆಯ ಬೆಳಗ್ಗೆ ತರ್ಫಾ ನನ್ನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು.

"ಅಮ್ಮಾ, ನೀನು ಅವನಿಗೂ ಹಾಲು ಕುಡಿಸಿದ್ದೆ ಅಂತ ಹೇಳಿಬಿಡು. ಒಂದೇ ಮಾತು, ಕೆಲಸ ಮುಗೀತು."

"ಯಾರಿಗೆ? ಆ ಜೈದಾನ್‌ಗಾ? ಅವನಿಗೆ ಕುಡಿಸಿದ್ದು ಅವನ ಹೆತ್ತಮ್ಮನೇ ಕಣೇ. ಒಂದು ಹನಿ ಕುಡಿಸಿಲ್ಲ ನಾನು."

"ಅದು ನಿಂಗೂ ಅಲ್ಲಾಹನಿಗೂ ಬಿಟ್ರೆ ಯಾರಿಗೆ ಗೊತ್ತು?"

"ಅಲ್ಲಾಹನಿಗೆ ಗೊತ್ತಿರೋದು ಸಾಲದಾ ನಿಂಗೆ?"

ಅವಳು ನನ್ನ ಮಂಚದ ಮೇಲೆ ಬಿದ್ದುಕೊಂಡಳು. "ಅವನ ಮೈಯೆಲ್ಲಾ ಡೇಗೆ ವಾಸನೆ. ಹೆಂಡ್ತೀರನ್ನ ಕರೆಯೋವಾಗ ಹೆಸರು ಮರೆತು ಡೇಗೆ ಹೆಸರಲ್ಲಿ ಕೂಗ್ತಾನಂತೆ. ಆ ಡೇಗೆಗಾದ್ರೂ ದಿನಾ ಮಾಂಸ ತಿನ್ನಿಸಿ ಮುದ್ದು ಮಾಡ್ತಾನೆ. ನಂಗೆ ಮೂರನೇ ಹೆಂಡ್ತಿ ಆಗೋಕಿಂತ ಆ ಡೇಗೆ ಆಗೋದೇ ವಾಸಿ. ನಿಜ ಹೇಳ್ತೀನಿ ಅಮ್ಮಾ, ನಾನು ಸತ್ತೇಹೋಗ್ತೀನಿ."

"ಸಾಯೋದೆಲ್ಲ ಆಮೇಲೆ. ಮೊದ್ಲು ಕಣ್ಣೊರೆಸ್ಕೋ."

ಗದರಿದೆನೇನೋ ನಿಜ. ಆ ಮಗುವನ್ನು ಎರಡು ವರ್ಷ ಎದೆಗೆ ಹಚ್ಚಿಕೊಂಡವಳು ನಾನು. ಅವಳ ಅಳು ಹಠದ್ದೋ ನೋವಿನದ್ದೋ ಎಂದು ನನಗೆ ತಿಳಿಯುತ್ತದೆ. ಇದು ನೋವಿನದ್ದೇ. ಆದರೂ ಹಾಲಿನ ವಿಷಯದಲ್ಲಿ ಸುಳ್ಳಾಡುವ ದಾದಿ ನಾನಲ್ಲ. ಬೇರೆ ವಿಷಯಗಳ ಮಾತು ಬೇರೆ.

ಮಧ್ಯಾಹ್ನ ದೊರೆಯೇ ಬಂದರು. ಊಟವಾದ ಮೇಲೆ ಅವರು ಮಲಗಲು ಬರುತ್ತಿದ್ದುದು ನನ್ನ ಹೊರಕೋಣೆಗೆ. ಅಲ್ಲಿ ಅವರಿಂದ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ವೈದ್ಯರು ಬೇಡವೆಂದ ಬೆಣ್ಣೆ ಖರ್ಜೂರವೂ ಅಲ್ಲಿ ಸಿಗುತ್ತಿತ್ತು. ಆವತ್ತು ಖರ್ಜೂರ ಮುಗಿಯಿತು, ನಿದ್ದೆ ಬರಲಿಲ್ಲ.

"ಮಗಳು ಅಳ್ತಿದಾಳೆ, ಅಬೂ ದುಹೈಮ್," ಎಂದೆ. ದುಹೈಮ್‌ನ ತಂದೆ ಎಂದು ದೊರೆಯನ್ನು ನಾನು ಹಾಗೆಯೇ ಕರೆಯುವುದು.

"ಗೊತ್ತು. ಅವಳ ಅಂಗಳದಲ್ಲಿ ಅವಳು ಅಳ್ತಿದಾಳೆ, ಅವರಮ್ಮ ಅಳ್ತಿದಾಳೆ. ಅವರು ಅಳ್ತಿದಾರೆ ಅಂತ ಇನ್ನಿಬ್ಬರು ನಗ್ತಿದಾರೆ. ಎಲ್ಲಿ ಹೋಗಿ ಮಲಗಲಿ ಹೇಳು."

"ಜೈದಾನ್‌ಗೆ ಇಲ್ಲ ಅನ್ನೋಕೆ ಆಗಲ್ವಾ?"

"ಅಣ್ಣ ಸಾಯೋವಾಗ ಆ ಹುಡುಗನ ಕೈನ ನನ್ನ ಕೈಗೆ ಕೊಟ್ಟು ಹೋದ. ಹಕ್ಕು ಕೇಳ್ತಿದಾನೆ, ಭಿಕ್ಷೆ ಅಲ್ಲ. ನಾನು ಇಲ್ಲ ಅಂದ್ರೆ ನಾಳೆ ನನ್ನ ಮಾತಿಗೆ ಯಾವ ಕಬೀಲೆ, ಯಾವ ಕುಲ ಬೆಲೆ ಕೊಡುತ್ತೆ?" ದೊರೆ ಗೋಡೆಯ ಕಡೆ ಹೊರಳಿದರು. ಗೋಡೆಯ ಜೊತೆಯೇ ಮಾತಾಡುವವರ ಹಾಗೆ ಮುಂದುವರಿಸಿದರು: "ಏನಾದ್ರೂ ಅಡ್ಡಿ ತಾನಾಗೇ ಬಂದ್ರೆ ಬೇರೆ. ಬರಲಿ ಅಂತ ನಾನು ಹೇಳ್ತಿಲ್ಲ. ಬಂದ್ರೆ ಅಂದೆ."

"ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತೀರಾ?"

"ತೋಬಾ, ತೋಬಾ! ನಾನೆಲ್ಲಿ ಹಾಗಂದೆ? ಇನ್ನೆರಡು ಖರ್ಜೂರ ಕೊಡು."

ಕೊಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು, "ಉಮ್ ನಾಫಿ, ನೀನು ತುಂಬ ಬುದ್ಧಿವಂತೆ ಅಂತ ನಮ್ಮಮ್ಮ ಹೇಳ್ತಿದ್ರು," ಎಂದರು. ಅವರಮ್ಮ ಹಾಗೆ ಹೇಳಿರಲು ಸಾಧ್ಯವೇ ಇಲ್ಲ, ಆಕೆ ಬದುಕಿರುವಷ್ಟು ದಿನ ನನ್ನನ್ನು ಬೈದಿದ್ದೇ ಹೆಚ್ಚು. ದೊರೆಗಳು ಕೆಲಸ ಹೇಳುವ ರೀತಿಯೇ ಹೀಗೆ.

ಏಳು ದಿನ ನನಗೆ ಏನೂ ಹೊಳೆಯಲಿಲ್ಲ. ಎಂಟನೆಯ ದಿನ ನಾಫಿ ಊಟಕ್ಕೆ ಕೂತು, ಅನ್ನದ ತಟ್ಟೆಯ ಮುಂದೆಯೇ ನಗತೊಡಗಿದ.

"ಅಮ್ಮಾ, ಭಾವೀ ಅಳಿಯ ಇವತ್ತು ಮತ್ತೆ ಶುರುಮಾಡಿದ್ದ. ಉತ್ತರದ ಕಬೀಲೆಯ ಹಿರಿಯರು ಬಂದಿದ್ರು ನೋಡು, ನಲವತ್ತು ಜನ. ಅವರ ಮುಂದೆ ನಿನ್ನ ಹಾಲು ಕುಡಿದ ಕಥೆ. ಈ ಸಲ ಎರಡು ವರ್ಷ ಪೂರ್ತಿ ಕುಡಿದ್ನಂತೆ!"

"ಯಾರು ಯಾರಿದ್ರು ಅಲ್ಲಿ?"

"ಎಲ್ಲರೂ. ಖಾಜಿಯೂ ಇದ್ರು, ತೂಕಡಿಸ್ತಿದ್ರು."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ಈ ಬಡಾಯಿಯನ್ನು ಊರೆಲ್ಲ ಎಷ್ಟು ಸಲ ಕೇಳಿತ್ತೆಂದರೆ ಈಗ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹೇಳುವವನ ಕಿವಿಗೂ ಬೀಳುತ್ತಿರಲಿಲ್ಲ. ದುಹೈಮ್‌ಗೆ ಕುಡಿಸಿದ ಎದೆಯೇ ತರ್ಫಾಳಿಗೂ ಕುಡಿಸಿತ್ತೆಂದು ಅವನಿಗೆ ಹೇಗೆ ತಿಳಿಯಬೇಕು? ಅವನು ಗಂಡಸು. ಹಾಲಿನ ಮಾತಿಗೆ ದಾದಿಯ ಸಾಕ್ಷಿಯೇ ಬೇಕೆಂದೇನಿಲ್ಲ. ಗಂಡು ತಾನಾಗಿ, ಜನರ ಎದುರು, ಇಂಥವಳ ಹಾಲು ಕುಡಿದಿದ್ದೇನೆ ಎಂದು ಒಪ್ಪಿಕೊಂಡರೆ ಅದು ಅವನನ್ನು ಕಟ್ಟಿಹಾಕುತ್ತದೆ. ಇಷ್ಟು ಶರೀಅತ್ತು ಅಡುಗೆಮನೆಯಲ್ಲಿದ್ದವಳಿಗೂ ಗೊತ್ತು.

"ಏನಮ್ಮಾ, ಒಬ್ಬಳೇ ನಗ್ತಿದೀಯ?" ಎಂದ ನಾಫಿ.

"ಉಪ್ಪು ಜಾಸ್ತಿ ಆಗಿದೆ," ಎಂದೆ.

ನಿಕಾಹ್ ದಿನ ದಿವಾನಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೈದಾನ್ ಹೊಸ ನಿಲುವಂಗಿ ತೊಟ್ಟಿದ್ದ. ಡೇಗೆಯನ್ನು ಆ ಒಂದು ದಿನದ ಮಟ್ಟಿಗೆ ಬೇರೆಯವರ ಕೈಗೆ ಕೊಟ್ಟಿದ್ದ, ಆದರೂ ಅದನ್ನೇ ತಿರುತಿರುಗಿ ನೋಡುತ್ತಿದ್ದ. ಪರದೆಯ ಹಿಂದೆ ನಾವು ಹೆಂಗಸರು. ತರ್ಫಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಉಗುರು ನನ್ನ ಅಂಗೈಗೆ ಇಳಿದಿತ್ತು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಮುಂಚೆಯೇ ನಕ್ಕು ಎಲ್ಲ ಕೆಡಿಸುತ್ತಿದ್ದಳು.

ಖಾಜಿ ಗಂಟಲು ಸರಿಪಡಿಸಿಕೊಂಡರು. "ಉಮ್ ನಾಫಿ, ಇವರಿಬ್ಬರ ಮಧ್ಯೆ ಹಾಲಿನ ಸಂಬಂಧ ಇದೆಯಾ?" ಆಗಲೇ ಲೇಖನಿ ಎತ್ತಿಕೊಂಡಿದ್ದರು.

"ಖಾಜಿಗಳೇ, ನಾನು ವಯಸ್ಸಾದವಳು. ನನ್ನನ್ನೇನು ಕೇಳ್ತೀರಿ? ತರ್ಫಾಗೆ ಎರಡು ವರ್ಷ ಹಾಲು ಕುಡಿಸಿದವಳು ನಾನೇ, ಇಷ್ಟು ನನಗೆ ಗೊತ್ತು. ಉಳಿದಿದ್ದನ್ನ ಜೈದಾನ್ ಹೇಳಲಿ. ಮೊನ್ನೆ ನಲವತ್ತು ಜನ ಹಿರಿಯರ ಮುಂದೆ ಅವರೇ ಹೇಳಿದಾರಲ್ಲ, ನೀವೂ ಅಲ್ಲೇ ಇದ್ರಲ್ಲ."

ದಿವಾನಖಾನೆಯಲ್ಲಿ ಯಾರೋ ಕೆಮ್ಮಿದರು. ಖಾಜಿ ಲೇಖನಿ ಕೆಳಗಿಟ್ಟರು.

"ಹೌದು... ನಾನೂ ಕೇಳಿದ್ದೇನೆ," ಎಂದರು ನಿಧಾನವಾಗಿ. "ಎಷ್ಟೋ ಸಲ ಕೇಳಿದ್ದೇನೆ. ಜೈದಾನ್, ಉಮ್ ನಾಫಿ ಹಾಲು ಕುಡಿದಿದ್ದೀನಿ ಅಂತ ನೀನು ಹೇಳಿದ್ದು ಉಂಟಾ?"

"ಅದು... ಅದು ದುಹೈಮ್ ವಿಷಯ," ಎಂದ ಜೈದಾನ್.

"ಎದೆ ಒಂದೇ ಕಣಪ್ಪಾ," ಎಂದರು ಖಾಜಿ.

ಪರದೆಯ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಜೈದಾನ್ ಎಡಕ್ಕೆ ನೋಡಿದ, ಉತ್ತರದ ಹಿರಿಯರು ಗಡ್ಡ ನೀವುತ್ತ ಕಾದಿದ್ದರು. ಬಲಕ್ಕೆ ನೋಡಿದ, ದೊರೆ ತಲೆವಸ್ತ್ರದ ಅಂಚನ್ನು ಮೂಗಿನವರೆಗೆ ಎಳೆದುಕೊಂಡು ನೆಲ ನೋಡುತ್ತಿದ್ದರು. ಅವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಕೆಲವರು ತಿಳಿದರು.

"ಆಗ ನಿನ್ನ ವಯಸ್ಸೆಷ್ಟು? ಎರಡು ವರ್ಷ ದಾಟಿದ್ರೆ ಅದು ಲೆಕ್ಕಕ್ಕಿಲ್ಲ," ಎಂದರು ಖಾಜಿ. ಪಾಪ, ಒಳ್ಳೆಯ ಮನುಷ್ಯ, ಅವನಿಗೊಂದು ಬಾಗಿಲು ತೆರೆದುಕೊಟ್ಟಿದ್ದರು.

ಅಷ್ಟರಲ್ಲಿ ಸಾಲಿನ ಕೊನೆಯಿಂದ ಒಬ್ಬ ಹಿರಿಯ, ಸಹಾಯ ಮಾಡುವ ಉತ್ಸಾಹದಲ್ಲಿ, "ಇವರು ಮಿಡತೆ ವರ್ಷದವರಲ್ವಾ? ದುಹೈಮ್ ಜೊತೆಯವರು. ಇವರೇ ಹೇಳಿದ್ರು," ಎಂದ. ಆ ಬಾಗಿಲೂ ಮುಚ್ಚಿತು.

ಆದರೂ ಅವನಿಗೆ ಇನ್ನೂ ಒಂದು ದಾರಿಯಿತ್ತು. "ನಾನು ಸುಳ್ಳು ಹೇಳಿದ್ದೆ" ಎಂದರೆ ಸಾಕು, ಖಾಜಿ ಮತ್ತೆ ನನ್ನ ಕಡೆ ತಿರುಗುತ್ತಿದ್ದರು. ನೇರವಾಗಿ ಕೇಳಿದರೆ ನಾನು "ಕುಡಿಸಿಲ್ಲ" ಎನ್ನಲೇಬೇಕು. ತರ್ಫಾಳ ಕೈ ಬಿಡಿಸಿಕೊಂಡು ಹೇಳಲೇಬೇಕು. ನಾಲ್ಕು ದಿನ ಜನ ನಕ್ಕಾರು, ಆಮೇಲೆ ಮರೆತಾರು. ಹುಡುಗಿ ಮಾತ್ರ ಅವನ ಮನೆ ಸೇರುತ್ತಿದ್ದಳು.

ಜೈದಾನ್ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದ. ಆಮೇಲೆ ತಲೆಯೆತ್ತಿ ಪರದೆಯ ಕಡೆ ನೋಡಿದ.

"ಹೌದು. ಕುಡಿದಿದ್ದೀನಿ. ಉಮ್ ನಾಫಿ ನನ್ನ ತಾಯಿ," ಎಂದ.

ಖಾಜಿ ಕಾಗದ ಮಡಿಚಿಟ್ಟರು. ನನ್ನ ಪಕ್ಕದಲ್ಲಿ ತರ್ಫಾ ಬಾಯಿಗೆ ಸೆರಗು ತುರುಕಿಕೊಂಡು ಕುಸಿದು ಕೂತಳು. ದೊರೆ ಎದ್ದು ಅಣ್ಣನ ಮಗನನ್ನು ತಬ್ಬಿಕೊಂಡು, "ಒಬ್ಬ ಅಳಿಯ ಹೋದ, ಒಬ್ಬ ಮಗ ಬಂದ," ಎಂದು ಗಟ್ಟಿಯಾಗಿ ಹೇಳಿದರು. ಅಡುಗೆಯಾಗಿದ್ದ ಕುರಿಗಳನ್ನು ವ್ಯರ್ಥ ಮಾಡಲಾಗದೆಂದು ಎಲ್ಲರೂ ಊಟಕ್ಕೆ ಕೂತರು. ನಾನು ಕಂಡ ನಿಕಾಹ್‌ಗಳಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡ ನಿಕಾಹ್ ಅದೊಂದೇ.

ಮುಂದಿನ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಜೈದಾನ್ ನನ್ನ ಹೊರಕೋಣೆಗೆ ಬಂದ. ಹಿಂದೆ ಒಬ್ಬ ಆಳು, ಆಳಿನ ಹೆಗಲ ಮೇಲೆ ಕಡಿದ ಕುರಿ. ಬೈಯಲು ಬಂದಿದ್ದಾನೆಂದು ನಾನು ಸೆಟೆದು ಕೂತೆ. ಅವನು ಬಗ್ಗಿ ನನ್ನ ತಲೆಗೆ ಮುತ್ತಿಟ್ಟ, ಮಗ ತಾಯಿಗೆ ಇಡುವ ಹಾಗೆ. ಕುರಿಯನ್ನು ಅಡುಗೆಮನೆಗೆ ಕಳಿಸಿ ಎದುರು ಕೂತ. ತರ್ಫಾ ಒಳಗಿದ್ದಳು. ನೆಗಡಿಯೆಂದು ಮುಖ ಮುಚ್ಚಿಕೊಂಡೇ ಸಲಾಂ ಹೇಳಿ ಹೊರಟುಹೋದಳು. ಅವನು ಬಂದಾಗಲೆಲ್ಲ ನಿನಗೆ ನೆಗಡಿಯಾಗಲಿ ಎಂದು ನಾನೇ ಹೇಳಿಕೊಟ್ಟಿದ್ದೆ. ಹಾಲಿನ ಅಣ್ಣನೆದುರು ಮುಖ ಮುಚ್ಚಬೇಕಿಲ್ಲ, ಆದರೆ ಅವನು ನಿಜಕ್ಕೂ ಅಣ್ಣನಲ್ಲ; ನಿಜ ಗೊತ್ತಿರುವವಳು ಅಷ್ಟಾದರೂ ನೋಡಿಕೊಳ್ಳಬೇಕಲ್ಲ.

"ಅಮ್ಮಾ, ನಾನು ಕುಡಿದಿಲ್ಲ ಅಂತ ನಿಂಗೆ ಗೊತ್ತಿತ್ತು," ಎಂದ ಜೈದಾನ್.

"ಗೊತ್ತಿತ್ತು."

"ಬೇಕು ಅಂತ್ಲೇ ಸಿಕ್ಕಿಸಿದೆ."

"ಬೇಕು ಅಂತ್ಲೇ."

ಅವನು ನಕ್ಕ. ಮೀಸೆಗೆ ಬಣ್ಣ ಹಚ್ಚಿಕೊಂಡಿರಲಿಲ್ಲ, ಬುಡದಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಸುಳ್ಳು ಹೇಳಿದ್ದೆ ಅಂತ ಒಂದು ಮಾತು ಆಡಿದ್ರೆ ತರ್ಫಾ ನಿನ್ನವಳಾಗ್ತಿದ್ದಳು. ಯಾಕೋ ಆಡಲಿಲ್ಲ? ನಾಚಿಕೆಯಾಯ್ತಾ?"

"ನಾಚಿಕೆ ಏನು, ನಂಗದು ಅಭ್ಯಾಸ ಇಲ್ಲ." ನೆಲದ ಜಮಖಾನೆಯ ದಾರವನ್ನು ಉಗುರಿನಿಂದ ಎಳೆಯುತ್ತ ಕೂತ. "ದುಹೈಮ್ ಹುಟ್ಟಿದಾಗ ನಂಗೆ ನಾಲ್ಕು ವರ್ಷ. ಅದರ ಹಿಂದಿನ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಿದ್ಲು. ನೀನು ಇದೇ ಕೋಣೇಲಿ ಅವನಿಗೆ ಹಾಲು ಕೊಡ್ತಾ ಕೂತಿರ್ತಿದ್ದೆ. ನಾನು ಈ ಬಾಗಿಲಲ್ಲಿ ದಿನಾ ಬಂದು ನಿಲ್ತಿದ್ದೆ. ಒಂದಿನ ನಂಗೂ ಅಂದೆ. ಚಪ್ಪಲಿ ಎಸೆದೆ ನೀನು. ನೆನಪಿದೆಯಾ?"

ನೆನಪಿಲ್ಲ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ನೆನಪಾಯಿತು. ಮೂಗು ಸುರಿಸಿಕೊಂಡು, ದೊಡ್ಡವರ ನಿಲುವಂಗಿಯನ್ನು ಕತ್ತರಿಸಿ ಹೊಲಿದದ್ದನ್ನು ತೊಟ್ಟು ನಿಂತಿದ್ದ ಒಬ್ಬ ಹುಡುಗ. ಯಾರ ಮಗನೆಂದೂ ನಾನು ಆಗ ಕೇಳಿರಲಿಲ್ಲ. ಇಷ್ಟು ವರ್ಷ ಆ ಬಡಾಯಿ ಕೇಳಿ ಕೇಳಿ ನಕ್ಕಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಮೊನ್ನೆ ಖಾಜಿ ಕೇಳಿದಾಗ ಬಾಯಿ ತೆರೆದಿದ್ದೆ ಅಮ್ಮಾ, ಸುಳ್ಳು ಅಂತ ಹೇಳೋಕೇ ತೆರೆದಿದ್ದೆ. ಆಮೇಲೆ ಅನ್ನಿಸ್ತು, ಹೆಂಡ್ತೀರಿದಾರೆ ನಂಗೆ. ಇಷ್ಟು ಜನರ ಮುಂದೆ ಅದು ಸುಳ್ಳು ಅಂದುಬಿಟ್ರೆ, ಇನ್ನು ಯಾವತ್ತೂ ನಿನ್ನನ್ನ ಅಮ್ಮ ಅಂತ ಕರೆಯೋಕಾಗಲ್ಲ ಅಲ್ವಾ?" ಎಂದ. ಆ ಬಾಗಿಲ ಕಡೆ ನೋಡಿ ಕೇಳಿದ: "ಆವತ್ತು ಯಾಕೆ ಓಡಿಸಿದೆ?"

ಅವನಿಗೆ ನಾನು ಸುಳ್ಳು ಹೇಳಬಹುದಿತ್ತು. ಇದು ಹಾಲಿನದೇ ಮಾತು, ಹೇಳಲಾಗಲಿಲ್ಲ.

"ಹಾಲು ಸಾಲ್ತಿರಲಿಲ್ಲ ಮಗಾ. ದುಹೈಮ್‌ಗೆ ಸಾಲದಿದ್ರೆ ದೊರೆಗಳ ಅಮ್ಮ ನನ್ನನ್ನ ಮನೆಯಿಂದ ಹೊರಗೆ ಹಾಕ್ತಿದ್ರು. ನಿಂಗೆ ಎಲ್ಲಿಂದ ಕೊಡ್ಲಿ? ನನ್ನ ನಾಫಿಗೇ ಇರಲಿಲ್ಲ."

"ನಾಫಿಗೇ?"

"ಅವನಿಗೆ ಆಗ ವರ್ಷ ತುಂಬಿತ್ತು. ದುಹೈಮ್ ಕುಡಿಯೋವಾಗ ಅವನನ್ನ ಅಂಗಳದಲ್ಲಿ ಕೂರಿಸಿ, ಮೇಕೆ ಹಾಲಿಗೆ ನೀರು ಬೆರೆಸಿ ಕೊಟ್ಟಿರ್ತಿದ್ದೆ. ಅವನು ಅದನ್ನ ಕುಡೀದೆ ಅಳ್ತಿದ್ದ. ನೀನು ಈ ಬಾಗಿಲಲ್ಲಿ ನಿಂತಿದ್ಯಲ್ಲ, ನಿನ್ನ ಬೆನ್ನ ಹಿಂದೆ ಅವನೇ ಅಳ್ತಾ ಇದ್ದಿದ್ದು."

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ನಾಫಿಗಂತೂ ಇಲ್ಲವೇ ಇಲ್ಲ. ಜೈದಾನ್ ಎದ್ದು ಹೊರಗೆ ಹೋದ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಕಿಟಕಿಗೆ ಬಂದೆ. ಅಂಗಳದಾಚೆ ನಾಫಿ ದೊರೆಯ ಕಾರಿನ ಕೆಳಗೆ ಅಂಗಾತ ಮಲಗಿ ಏನನ್ನೋ ಬಿಚ್ಚುತ್ತಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಜೈದಾನ್ ಹೋಗಿ ಆ ಕಾಲಿನ ಪಕ್ಕ, ಎಣ್ಣೆ ಚೆಲ್ಲಿದ ಮಣ್ಣಿನ ಮೇಲೆ, ಹೊಸ ನಿಲುವಂಗಿಯಲ್ಲೇ ಕುಕ್ಕರಗಾಲಿನಲ್ಲಿ ಕೂತ.

"ಹೊರಗೆ ಬಾರೋ ನಾಫಿ," ಎಂದ. "ಒಳಗೆ ಕುರಿ ಬೇಯ್ತಾ ಇದೆ. ನಾವಿಬ್ಬರೇ ಮೊದಲು ತಿನ್ನೋಣ."